ಕೆಲಸದ ಮಾತು ಆಡದ ಮನೆ

ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಯಾರೂ ಮೀರಿಯೂ ಇರಲಿಲ್ಲ. ಯಜಮಾನ ಕೆಲಸ ಮುಗಿಸಿ ಬಂದರೆ ಮುಂಬಾಗಿಲಿಂದ ಒಳಗೆ ಕಾಲಿಡುವುದಿಲ್ಲ. ಪಕ್ಕದ ಓಣಿ ಹಿಡಿದು ಹಿಂದಿನ ಬಾಗಿಲಿಗೆ ಬರುತ್ತಾನೆ. ಬಚ್ಚಲಲ್ಲಿ ಅಂಗಿ ಪ್ಯಾಂಟು ಕಳಚಿ, ಮನೆಯ ಬೇರೆ ಬಟ್ಟೆ ಬೀಳದ ನೀಲಿ ಬಕೆಟ್ಟಿಗೆ ಹಾಕಿ, ತಲೆಗೂ ಸೋಪು ಹಚ್ಚಿ ಸ್ನಾನ ಮಾಡುತ್ತಾನೆ. ಆಮೇಲೆ ಅಡುಗೆಮನೆ. ಅಲ್ಲಿಂದ ಮುಂದೆ ಅವನು ಅಪ್ಪ. ಬಚ್ಚಲಿಗೆ ಹೋಗುವ ಮೊದಲು ಏನಾಗಿದ್ದ ಎನ್ನುವ ಮಾತು ಆ ಮನೆಯಲ್ಲಿ ಬರುತ್ತಿರಲಿಲ್ಲ.

ಅವನು ಬಾರಿನಲ್ಲಿ ಸಪ್ಲೈಯರ್. ಮೀಸೆ ಚಿಗುರುವ ವಯಸ್ಸಿನಲ್ಲಿ ಲೋಟ ತೊಳೆಯಲು ಸೇರಿದವನು, ಈಗ ಅಲ್ಲಿಯ ಸಪ್ಲೈಯರುಗಳಲ್ಲೆಲ್ಲ ಹಿರಿಯ. ಬಸ್ ನಿಲ್ದಾಣದ ಹಿಂದಿನ ಬೀದಿ, ತಗ್ಗು ಛಾವಣಿ, ಕೌಂಟರಿನ ಹಿಂದೆ ಮೂಲೆ ಒಡೆದ ಉದ್ದ ಕನ್ನಡಿ, ಯಾವಾಗಲೂ ಗುಂಯ್‌ಗುಡುವ ಫ್ರಿಜ್. ಗಿರಾಕಿಗಳು ಅವನಿಗೆ ಇಟ್ಟಿದ್ದ ಹೆಸರು ನಿಧಾನಪ್ಪ.

ಹೆಸರಿಗೆ ಕಾರಣವಿತ್ತು. ಬೇರೆ ಸಪ್ಲೈಯರುಗಳು ಬಾಟಲಿ ಖಾಲಿಯಾದ ತಕ್ಷಣ ಎತ್ತಿಬಿಡುತ್ತಾರೆ. ಮೇಜು ಸ್ವಚ್ಛವಾದರೆ ಕೂತವನಿಗೆ ಇದೀಗ ಬಂದ ಹಾಗೆ ಅನಿಸುತ್ತದೆ, ಇನ್ನೊಂದು ಹೇಳುತ್ತಾನೆ. ನಿಧಾನಪ್ಪ ಖಾಲಿಯಾದದ್ದನ್ನು ಎತ್ತುತ್ತಲೇ ಇರಲಿಲ್ಲ. ಎಷ್ಟು ಕುಡಿದೆ ಎಂದು ಅವನು ಯಾರಿಗೂ ಹೇಳಬೇಕಿರಲಿಲ್ಲ, ಮೇಜೇ ಹೇಳುತ್ತಿತ್ತು. ತಿನ್ನಲು ಏನಾದರೂ ಬಂದ ಮೇಲೆಯೇ ಕುಡಿಯಲು ತರುತ್ತಿದ್ದ. ಪ್ರತಿ ಸುತ್ತಿನ ಜೊತೆಗೆ ಕೇಳದಿದ್ದರೂ ಒಂದು ಜಗ್ಗು ನೀರು. ಮೊದಲನೆಯದು ಬೇಗ, ಎರಡನೆಯದು ಸಾವಕಾಶ. ಮೂರನೆಯದು ಹೇಳಿದರೆ ಅಡುಗೆಮನೆಗೆ ಹೋಗಿ ಬಾಣಸಿಗನ ಮೊಣಕಾಲು ನೋವು ವಿಚಾರಿಸಿಕೊಂಡು ಬರುತ್ತಿದ್ದ.

"ಏನಯ್ಯಾ ನಿಧಾನಪ್ಪ, ದ್ರಾಕ್ಷಿ ಬಿತ್ತಿ, ಬೆಳೆದು ತರ್ತಿದ್ದೀಯೇನು?"

"ಬಿತ್ತಾಗಿದೆ ಸಾರ್, ಮಳೆಗೆ ಕಾಯ್ತಿದ್ದೀನಿ."

ಗಿರಾಕಿ ನಗುತ್ತಿದ್ದ. ನಗುವಷ್ಟು ಹೊತ್ತು ಕುಡಿಯುತ್ತಿರಲಿಲ್ಲ, ಅದೂ ಲೆಕ್ಕಕ್ಕೆ ಬರುತ್ತಿತ್ತು. ಮಾಲೀಕರಿಗೆ ಇದೆಲ್ಲ ಗೊತ್ತಿತ್ತು. ಗೊಣಗುತ್ತಿದ್ದರೂ ತಡೆಯಲಿಲ್ಲ. ಅವನ ಮೇಜುಗಳಲ್ಲಿ ಗ್ಲಾಸು ಒಡೆಯುತ್ತಿರಲಿಲ್ಲ, ಜಗಳ ಹತ್ತುತ್ತಿರಲಿಲ್ಲ. ತನ್ನ ಕಾಲ ಮೇಲೆ ನಡೆದು ಮನೆಗೆ ಹೋದವನು ಮತ್ತೆ ಬರುತ್ತಾನೆ ಎನ್ನುವುದು ವ್ಯಾಪಾರಕ್ಕೂ ಒಗ್ಗುವ ಮಾತು.

ಸ್ವತಃ ಕುಡಿಯುತ್ತಿರಲಿಲ್ಲ. ಯಾಕೆಂದು ಕೇಳಿದವರಿಗೆ, "ದಿನಾ ಮುಗಿಯೋ ನಾಟಕದ ಕೊನೇ ಅಂಕ ನೋಡ್ತೀನಲ್ಲ ಸ್ವಾಮಿ, ಟಿಕೆಟ್ ತಗೊಳ್ಳೋ ಮನಸ್ಸೇ ಬರಲ್ಲ" ಅನ್ನುತ್ತಿದ್ದ.

ಇಷ್ಟು ಮಾತುಗಾರ ಮನೆಯಲ್ಲಿ ಮಾತ್ರ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದ. ಹೆಂಡತಿ ಮನೆಯಲ್ಲೇ ಪರದೆ ಹೊಲಿಯುತ್ತಿದ್ದಳು. ಆಫೀಸುಗಳಿಗೆ, ಆಸ್ಪತ್ರೆಗಳಿಗೆ, ಹೊಸ ಮನೆಯವರಿಗೆ. ಮುಂದಿನ ಕೋಣೆಯ ತುಂಬ ಬಟ್ಟೆಯ ಸುರುಳಿಗಳು, ಕಿಟಕಿಯ ಪಕ್ಕ ಮೋಟರಿನ ಹೊಲಿಗೆ ಯಂತ್ರ. ಗಂಡ ಬಾರಿನವನು ಅಂತ ಬೀದಿಗೆಲ್ಲ ಗೊತ್ತಿದ್ದರೂ, "ಹೋಟೆಲ್ ಕೆಲಸ" ಅನ್ನುವುದು ಅವಳ ರೂಢಿ. ಒಬ್ಬಳೇ ಮಗಳು ಪುಟ್ಟಿ ಚಿಕ್ಕವಳಿದ್ದಾಗ ಊಟಕ್ಕೆ ಕೂತು, "ಅಪ್ಪ, ನಿಮ್ಮ ಹೋಟ್ಲಲ್ಲಿ ಏನೇನು ಸಿಗುತ್ತೆ?" ಅಂದಿದ್ದಳು. ಅಪ್ಪ ತಟ್ಟೆ ನೋಡಿದ್ದ. ಅಮ್ಮ, "ಬಾಯಲ್ಲಿ ತುತ್ತು ಇಟ್ಕೊಂಡು ಮಾತಾಡಬಾರದು" ಅಂದಿದ್ದಳು. ಪುಟ್ಟಿ ಚುರುಕು ಹುಡುಗಿ. ಒಂದೇ ಸಲಕ್ಕೆ ಅರ್ಥ ಮಾಡಿಕೊಂಡಳು. ಮತ್ತೆಂದೂ ಕೇಳಲಿಲ್ಲ.

ಅಪ್ಪನ ಲೆಕ್ಕ ಸರಳವಾಗಿತ್ತು: ವಾಸನೆ ಮನೆಯೊಳಗೆ ಬರದಿದ್ದರೆ ಚಟವೂ ಬರುವುದಿಲ್ಲ.

ಮಗಳು ಶಾಲೆ ಮುಗಿಸಿ, ದೂರದ ಊರಿನ ಕಾಲೇಜಿನಲ್ಲಿ ಸೀಟು ಪಡೆದು, ಹಾಸ್ಟೆಲಿಗೆ ಹೊರಡಲು ತಯಾರಾಗುತ್ತಿದ್ದ ದಿನಗಳಲ್ಲಿ ಆ ಲೆಕ್ಕ ತಪ್ಪೆಂದು ಅವನಿಗೆ ತಿಳಿಯಿತು.

ಅವತ್ತು ಮಧ್ಯಾಹ್ನ. ಹತ್ತಿರದ ಕಾಲೇಜಿನ ಪರೀಕ್ಷೆಗಳು ಮುಗಿದಿದ್ದವು. ನಾಲ್ವರು ಒಳಗೆ ಬಂದರು, ಇಬ್ಬರು ಹುಡುಗರು, ಇಬ್ಬರು ಹುಡುಗಿಯರು. ನಡಿಗೆ ನೋಡಿದ ಕೂಡಲೇ ನಿಧಾನಪ್ಪನಿಗೆ ತಿಳಿಯಿತು, ಇವರು ಕುಡಿಯಲು ಬಂದವರಲ್ಲ, ಎಲ್ಲೋ ರೂಮಿನಲ್ಲಿ ಕುಡಿದು ಇನ್ನಷ್ಟಕ್ಕೆ ಬಂದವರು. ಗುಂಗುರು ಕೂದಲಿನ ಹುಡುಗ ಮೇಜು ತಟ್ಟಿ ಕೂಗಿದ.

"ಅಣ್ಣಾ, ನಾಲ್ಕು!"

"ನೀರು ನಾಲ್ಕಾ? ತಂದೆ."

"ಜೋಕಾ ಅಣ್ಣಾ? ವಯಸ್ಸಿನ ಕಾರ್ಡ್ ತೋರಿಸ್ಲಾ?"

"ಕಾರ್ಡಿಗೆ ವಯಸ್ಸಾಗಿದೆ ಮರಿ. ನಿನಗೆ ಇವತ್ತಿಗೆ ಸಾಕಾಗಿದೆ."

ಹುಡುಗ ವಾದಕ್ಕೆ ನಿಂತ. ನಿಧಾನಪ್ಪ ಅವನನ್ನು ನೋಡುತ್ತಿರಲಿಲ್ಲ. ಹಳದಿ ಸ್ವೆಟರಿನ ಹುಡುಗಿ ಮೇಜಿನ ಮೇಲೆ ತಲೆ ಇಟ್ಟಿದ್ದಳು. ಗೆಳತಿ ನಕ್ಕಳು. "ಅವಳು ಪಂದ್ಯ ಗೆದ್ದಳು ಅಣ್ಣಾ, ಒಂದೇ ಉಸಿರಿಗೆ ಲೋಟ ಖಾಲಿ ಮಾಡಿದಳು. ಮಲಗಲಿ ಬಿಡಿ, ಎದ್ದರೆ ಸರಿಹೋಗ್ತಾಳೆ."

ಅವನು ಭುಜ ಅಲುಗಾಡಿಸಿದ. ಮಾತಾಡಿಸಿದ. ಜೋರಾಗಿ ಕರೆದ. ಹುಡುಗಿ ಕಣ್ಣು ಬಿಡಲಿಲ್ಲ. ಕೈ ತಣ್ಣಗಿತ್ತು. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಬೇಕಾದ್ದಕ್ಕಿಂತ ಹೆಚ್ಚು ಬಿಡುವಿತ್ತು. ನಿದ್ದೆ ಮಾಡುವವರನ್ನು ಅವನು ಬೇಕಾದಷ್ಟು ಕಂಡಿದ್ದ, ಇದು ನಿದ್ದೆಯಲ್ಲ. ಕೌಂಟರಿನ ಕಡೆ ತಿರುಗಿ ಕ್ಯಾಷಿಯರಿಗೆ ಆಂಬುಲೆನ್ಸ್ ಕರೆಯಲು ಹೇಳಿ, ಅವಳನ್ನು ನೆಲಕ್ಕಿಳಿಸಿ ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಿದ. ವಾಂತಿಯಾದರೆ ಗಂಟಲಿಗೆ ಸಿಕ್ಕಬಾರದು.

"ಆಂಬುಲೆನ್ಸ್ ಬೇಡ ಅಣ್ಣಾ!" ಗುಂಗುರು ಕೂದಲಿನವನ ಮುಖ ಬಿಳುಚಿತು. "ಮನೆಗೆ ಗೊತ್ತಾಗಿಬಿಡುತ್ತೆ. ಒಂದು ಕಪ್ ಕಾಫಿ ಕೊಡಿ ಸಾಕು."

"ಕಾಫಿ ಕುಡಿಸಿದ್ರೆ ಇಳಿಯಲ್ಲಪ್ಪ ಇದು. ಹೊಟ್ಟೇಲಿರೋದು ಇನ್ನೂ ರಕ್ತಕ್ಕೆ ಸೇರ್ತಾ ಇದೆ. ಕುಡಿಯೋದು ಅವಳು ನಿಲ್ಲಿಸಿದ್ದಾಳೆ, ಅದು ಏರೋದು ನಿಲ್ಲಿಸಿಲ್ಲ."

ಆಂಬುಲೆನ್ಸ್ ಬಂತು. ಜೊತೆಗಿದ್ದ ನರ್ಸು ಹುಡುಗಿಯ ಮನೆಯವರ ನಂಬರು ಕೇಳಿದಳು. ಹಳದಿ ಸ್ವೆಟರಿನವಳ ಫೋನು ಗೆಳತಿಯ ಕೈಯಲ್ಲಿತ್ತು. ಪರದೆಯ ಮೇಲೆ 'ಅಪ್ಪ' ಅಂತ ಇತ್ತು. ಗೆಳತಿಯ ಹೆಬ್ಬೆರಳು ಅದರ ಮೇಲೆ ನಿಂತಿತ್ತೇ ಹೊರತು ಒತ್ತುತ್ತಿರಲಿಲ್ಲ.

"ಒತ್ತಮ್ಮಾ."

"ಆಗಲ್ಲ ಅಣ್ಣಾ. ಅವರಪ್ಪ ಒಳ್ಳೆಯವರೇ. ಆದರೆ ಅವರ ಮನೇಲಿ ಇಂಥ ಮಾತೇ ಎತ್ತೋ ಹಾಗಿಲ್ಲವಂತೆ. ಟೀವಿಯಲ್ಲಿ ಬಂದ್ರೂ ಚಾನೆಲ್ ಬದಲಾಯಿಸ್ತಾರಂತೆ."

ಫೋನನ್ನು ನಿಧಾನಪ್ಪ ತಾನೇ ತೆಗೆದುಕೊಂಡು ಒತ್ತಿದ. ಆ ಕಡೆ ಒಬ್ಬ ಗಂಡಸಿನ ದನಿ, "ಹೇಳು ಕಂದಾ" ಅಂದಿತು. ಅಷ್ಟು ಮೆತ್ತಗಿನ ದನಿ.

ಹುಡುಗಿ ಬದುಕಿದಳು. ಮಾರನೇ ದಿನ ಗುಂಗುರು ಕೂದಲಿನವನು ಬಂದು, ಬಾಗಿಲಲ್ಲೇ ನಿಂತು ಹೇಳಿ ಹೋದ. ಆದರೆ ನಿಧಾನಪ್ಪನ ತಲೆಯಲ್ಲಿ ಕೂತದ್ದು ಒತ್ತಲಾರದ ಆ ಹೆಬ್ಬೆರಳು, ಮತ್ತು ಚಾನೆಲ್ ಬದಲಾಯಿಸುವ ಆ ಒಳ್ಳೆಯ ಅಪ್ಪ. ಪುಟ್ಟಿಗೆ ಹೀಗಾದರೆ ಅವಳ ಗೆಳತಿಗೆ ಯಾರ ನಂಬರು ಒತ್ತುವ ಧೈರ್ಯ ಬರುತ್ತದೆ? ತನ್ನದಂತೂ ಅಲ್ಲ. ವಾಸನೆಯನ್ನು ಹೊರಗಿಡುತ್ತ ಅವನು ಮಗಳಿಗೆ ಕಲಿಸಿದ್ದು ಒಂದೇ ಪಾಠ: ಈ ವಿಷಯಕ್ಕೆ ಅಪ್ಪನ ಹತ್ತಿರ ಬರಬಾರದು.

ಹೆಂಡತಿಗೆ ಹೇಳಿದ. ಅವಳು ಯಂತ್ರ ನಿಲ್ಲಿಸಲಿಲ್ಲ.

"ಇಲ್ಲದ ಹುಳ ಬಿಡಬೇಡಿ ಮಗು ತಲೆಗೆ. ಹೇಳಿದ್ರೇನೇ ಕಲಿಯೋದು."

"ಹೇಳದಿದ್ರೆ ಕಲಿಯಲ್ಲ ಅಂತೀಯಾ? ಹೇಳಿಕೊಡೋಕೆ ಅಲ್ಲಿ ಬೇಕಾದಷ್ಟು ಜನ ಇರ್ತಾರೆ. ನಾವೊಬ್ರು ಮಾತ್ರ ಸುಮ್ಮನಿರ್ತೀವಿ."

"ನಮ್ಮ ಪುಟ್ಟಿ ಅಂಥವಳಲ್ಲ ರೀ."

"ಅಂಥವಳು ಅಂತ ಬೇರೆ ಯಾರೂ ಇಲ್ಲ ಕಣೇ. ಮೊದಲನೇ ವರ್ಷ, ಹೊಸ ಜಾಗ, ಗುರುತಿನವರು ಒಬ್ಬರೂ ಇಲ್ಲ. ಯಾರಾದರೂ ಜೊತೆಗೆ ಕರೆದ್ರೆ ಸಾಕು ಅನ್ನೋ ಕಾಲ ಅದು. ಆವಾಗಲೇ ಲೋಟ ಕೈಗೆ ಬರೋದು."

ಯಂತ್ರ ಇನ್ನಷ್ಟು ಜೋರಾಯಿತು. ಮಾತು ಮುಗಿಯಿತು ಅನ್ನಲು ಅವಳಿಗಿದ್ದ ದಾರಿ ಅದು.

ಮಗಳ ಹತ್ತಿರ ಮಾತು ತೆಗೆಯುವುದು ಇನ್ನೂ ಕಷ್ಟವಾಯಿತು. ಮೇಜಿಗೆ ಬಂದ ಪರಿಚಯವಿಲ್ಲದವನನ್ನು ಎರಡು ಮಾತಿಗೆ ನಗಿಸುವ ಮನುಷ್ಯ ಅವಳ ಬಾಗಿಲಲ್ಲಿ ನಿಂತು, ಬಟ್ಟೆ ಮಡಚುತ್ತಿದ್ದವಳನ್ನು ನೋಡಿ, "ಪುಟ್ಟಿ, ಅಲ್ಲಿ ಚಳಿ ಜಾಸ್ತಿಯಂತೆ" ಅಂದ. "ಗೊತ್ತಪ್ಪ." "ಸಾಕ್ಸ್ ಇಟ್ಕೊಂಡ್ಯಾ?" "ಇಟ್ಕೊಂಡೆ." ವಾಪಸು ಹೋದ. ಎರಡನೇ ಸಲ ಬಂದು ರಸ್ತೆ ದಾಟುವ ಬಗ್ಗೆ ಹೇಳಿದ. ಮೂರನೇ ಸಲಕ್ಕೆ ಮಗಳೇ ಬಟ್ಟೆ ಕೆಳಗಿಟ್ಟಳು.

"ಏನಪ್ಪಾ? ನನಗೇನಾದ್ರೂ ಕಾಯಿಲೆ ಇದೆಯಾ? ಡಾಕ್ಟರ್ ನಿನ್ನ ಹತ್ರ ಮಾತ್ರ ಹೇಳಿದ್ದಾರಾ?"

"ಥೂ, ಬಿಡ್ತು ಅನ್ನು." ಅವನು ಮಂಚದ ತುದಿಗೆ ಕೂತ. "ಕುಡಿಯೋದರ ಬಗ್ಗೆ ಮಾತಾಡಬೇಕು."

ಮಗಳು ಬಾಗಿಲ ಕಡೆ ನೋಡಿದಳು, ಅಮ್ಮ ಕೇಳಿಸಿಕೊಂಡಳೇ ಎಂದು. ಆ ನೋಟ ಅವನಿಗೆ ನಾಟಿತು. ಹಳದಿ ಸ್ವೆಟರಿನ ಹುಡುಗಿಯ ಕಥೆ ಹೇಳಿದ. ಕುಡಿಯಬೇಡ ಅಂದ. ಪುಟ್ಟಿ ಕೊನೆಯವರೆಗೂ ಕೇಳಿದಳು. ಆಮೇಲೆ, ಬಹುಶಃ ಬಹಳ ದಿನದಿಂದ ಒಳಗೇ ಇದ್ದದ್ದು, ಹೊರಗೆ ಬಂತು.

"ಬೇರೆಯವರ ಮಕ್ಕಳಿಗೆ ತಟ್ಟೇಲಿಟ್ಟು ಕೊಡ್ತೀಯಲ್ಲಪ್ಪ. ನನಗೆ ಮಾತ್ರ ಬೇಡ ಅಂತೀಯ."

ಯಂತ್ರದ ಸದ್ದು ನಿಂತಿತು. ಅಮ್ಮ ಬಾಗಿಲಿಗೆ ಬಂದಿದ್ದಳು. "ಏನೇ ಅದು ಮಾತು? ಆ ತಟ್ಟೆಯಿಂದಲೇ ನೀನು..."

"ಇರಲಿ ಬಿಡೇ," ಅಂದ ಅವನು. "ಕೇಳಬೇಕಾದ್ದನ್ನೇ ಕೇಳಿದ್ದಾಳೆ." ಮಂಚದಿಂದ ಎದ್ದ. "ನಾಳೆ ಬೆಳಿಗ್ಗೆ ಇಬ್ಬರೂ ನನ್ನ ಜೊತೆ ಬನ್ನಿ. ಬಾಗಿಲು ತೆಗೆಯೋ ಮುಂಚೆ."

"ಎಲ್ಲಿಗೆ?"

"ನನ್ನ ಕೆಲಸದ ಜಾಗಕ್ಕೆ."

"ಮಗಳನ್ನ ಬಾರಿಗೆ ಕರ್ಕೊಂಡು ಹೋಗ್ತೀರಾ?" ಹೆಂಡತಿಯ ಬಾಯಲ್ಲಿ ಆ ಪದ ಬಂದದ್ದು ಅದೇ ಮೊದಲು. ಆಡಿದ ಮೇಲೆ ಅವಳಿಗೇ ಆಶ್ಚರ್ಯವಾದಂತಿತ್ತು.

ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳು ಗಂಡನ ಕೆಲಸದ ಜಾಗಕ್ಕೆ ಕಾಲಿಟ್ಟದ್ದೂ ಅದೇ ಮೊದಲು. ಬೆಳಗಿನ ಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದಿತ್ತು. ಕುರ್ಚಿಗಳನ್ನು ಮೇಜಿನ ಮೇಲೆ ತಲೆಕೆಳಗೆ ಏರಿಸಿಟ್ಟಿದ್ದರು, ಒರೆಸಿದ ನೆಲ ಇನ್ನೂ ಒದ್ದೆಯಾಗಿತ್ತು. ಅವಳು ಒಂದು ಕುರ್ಚಿಯ ತುದಿಯಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು, ರೈಲು ಕಾಯುವವಳ ಹಾಗೆ ಕೂತಳು. ಬೇಗ ಬಂದು ಪೇಪರ್ ಓದುವ ಅಭ್ಯಾಸದ ಕ್ಯಾಷಿಯರ್ ಎದ್ದು ನಿಂತರು.

"ಬನ್ನಿ ತಂಗಿ, ಬನ್ನಿ. ಅಂತೂ ನಿಧಾನಪ್ಪನ ಮನೆಯವರನ್ನ ನೋಡೋ ಹಾಗಾಯ್ತು."

"ಯಾರು ನಿಧಾನಪ್ಪ?" ಅಂದಳು ಪುಟ್ಟಿ.

ಕ್ಯಾಷಿಯರ್ ನಿಧಾನಪ್ಪನ ಮುಖ ನೋಡಿದರು, ಅವನು ತಲೆ ಕೆರೆದುಕೊಂಡ. ಹೆಸರಿನ ಕಥೆ ಕೇಳಿ ಪುಟ್ಟಿ ನಕ್ಕಳು, ದ್ರಾಕ್ಷಿಯ ಮಾತಿಗೆ ಇನ್ನೂ ಜೋರಾಗಿ. ಅಮ್ಮನೂ ನಕ್ಕು, ನಕ್ಕದ್ದು ಗೊತ್ತಾಗಿ ಚೀಲ ಸರಿಪಡಿಸಿಕೊಂಡಳು. ಮನೆಯಲ್ಲಿ ನಾಲ್ಕು ಮಾತು ಆಡದ ಗಂಡ ಇಲ್ಲಿ ಹೀಗೆ ಎಂದು ಅವಳು ಅಂದುಕೊಂಡಿರಲಿಲ್ಲ.

ಅವನು ಖಾಲಿ ಬಾಟಲಿಗೆ ನಲ್ಲಿ ನೀರು ತುಂಬಿಸಿ, ಒಂದು ದೊಡ್ಡ ಪ್ಲಾಸ್ಟಿಕ್ ಲೋಟ ಮುಂದಿಟ್ಟ. "ಪುಟ್ಟಿ, ಇದು ಪಾರ್ಟಿ ಅಂತ ಇಟ್ಕೋ. ಗೆಳತಿಗೆ ಸ್ವಲ್ಪವೇ ಸ್ವಲ್ಪ ಹಾಕಿ ಕೊಡು."

ಪುಟ್ಟಿ ಎಚ್ಚರಿಕೆಯಿಂದ ಸುರಿದಳು. ಅವನು ಪೆಗ್ ಅಳೆಯುವ ಸ್ಟೀಲಿನ ಪುಟ್ಟ ಬಟ್ಟಲು ತಂದು, ಅವಳು ಸುರಿದದ್ದನ್ನು ಒಂದೊಂದೇ ಬಟ್ಟಲು ಅಳೆದು ಸಿಂಕಿಗೆ ಚೆಲ್ಲಿದ. ಒಂದಾಯಿತು, ಎರಡಾಯಿತು, ಮೂರಾಯಿತು. ತಳದಲ್ಲಿ ಇನ್ನೂ ಉಳಿದಿತ್ತು.

"ಇದು 'ಒಂದು' ಅಂತ ಅವಳು ಎಣಿಸ್ಕೋತಾಳೆ."

"ನನಗೆ ಕೊಡಿ ಇಲ್ಲಿ," ಅಂದಳು ಅಮ್ಮ, ಸವಾಲು ಹಾಕಿದವಳ ಹಾಗೆ. "ಕಣ್ಣಳತೇಲಿ ಬಟ್ಟೆ ಕತ್ತರಿಸೋಳು ನಾನು." ಸುರಿದಳು. ಅಳೆದರೆ ಎರಡು ತುಂಬಿ ತುಳುಕಿತು. "ಲೋಟ ಅಗಲ ಇದೆ, ಅದಕ್ಕೆ," ಅಂದಳು.

"ಅದೇ ನಾನು ಹೇಳ್ತಿರೋದು. ಇಲ್ಲಿ ಅಳತೆ ಇದೆ, ನಿಧಾನ ಮಾಡೋಕೆ ನಾನಿದ್ದೀನಿ. ರೂಮಿನ ಪಾರ್ಟೀಲಿ ಅಳತೇನೂ ಇಲ್ಲ, ನಾನೂ ಇಲ್ಲ. ಒಂದು ಬಟ್ಟಲನ್ನ ಕರಗಿಸೋಕೆ ದೇಹಕ್ಕೆ ಹೆಚ್ಚುಕಡಿಮೆ ಒಂದು ಗಂಟೆ ಬೇಕು. ಯಾರು ಎಷ್ಟೇ ಗಟ್ಟಿ ಅಂದ್ಕೊಂಡ್ರೂ ಅದನ್ನ ಬೇಗ ಮಾಡಿಸೋಕೆ ಆಗಲ್ಲ. ತಣ್ಣೀರು ಸ್ನಾನ ಮಾಡಿಸಿದ್ರೆ ಸ್ನಾನ ಮಾಡಿದ ಕುಡುಕ ಆಗ್ತಾನೆ, ಅಷ್ಟೇ. ಪಂದ್ಯ ಕಟ್ಟಿ ಕುಡಿಯೋರು ಇದನ್ನ ಮರೀತಾರೆ."

ಪುಟ್ಟಿ ಲೋಟ ತಿರುಗಿಸುತ್ತ ಕೂತಿದ್ದಳು. "ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಈ ಕೆಲಸ ಮಾಡ್ತೀಯಪ್ಪ?" ಈ ಸಲ ದನಿಯಲ್ಲಿ ಕುಟುಕು ಇರಲಿಲ್ಲ.

"ನನಗೆ ಬರೋ ಕೆಲಸ ಇದೊಂದೇ. ನಾಳೆ ಬಿಟ್ಟುಬಿಡ್ತೀನಿ ಅಂತ ಸುಳ್ಳು ಹೇಳಲ್ಲ. ನಾನು ತಂದುಕೊಡ್ತೀನಿ ಅನ್ನೋ ಕಾರಣಕ್ಕೆ ಅದು ಒಳ್ಳೇದೂ ಆಗಲ್ಲ. ನನ್ನ ಮೇಜಲ್ಲಿ ಕೂತವರು ಕೆಟ್ಟವರೂ ಅಲ್ಲ. ಇದನ್ನ ನಿನಗೆ ಹೇಗೆ ಹೇಳೋದು ಅಂತ ಗೊತ್ತಾಗದೇ ಇಷ್ಟು ವರ್ಷ ಹಿಂದಿನ ಬಾಗಿಲಿಂದ ಬರ್ತಿದ್ದೆ." ಅವನು ಬಟ್ಟಲನ್ನು ಒರೆಸಿಟ್ಟ. "ಕುಡೀಬೇಡ ಅನ್ನೋದು ನನ್ನ ಮಾತು. ಅದರಲ್ಲಿ ಚೌಕಾಸಿ ಇಲ್ಲ. ನೀನು ಅದನ್ನ ಮೀರಿದ ದಿನವೂ, ಮೀರಿದವರ ಜೊತೆ ಇದ್ದ ದಿನವೂ, ಮನೆಗೆ ಫೋನ್ ಮಾಡು ಅನ್ನೋದೂ ನನ್ನ ಮಾತೇ. ಫೋನ್ ಮಾಡಿದ ಹೊತ್ತಲ್ಲಿ ಯಾರೂ ಬೈಯಲ್ಲ."

"ಎರಡೂ ಹೇಗ್ರೀ ಒಟ್ಟಿಗೆ?" ಅಂದಳು ಹೆಂಡತಿ. "ಬೇಡ ಅಂದ ಮೇಲೆ ಬೇಡ. ಮೀರಿದ್ರೆ ಫೋನ್ ಮಾಡು ಅಂದ್ರೆ ಮೀರು ಅಂದ ಹಾಗಲ್ಲವಾ?"

"ಅಮ್ಮ, ಮಳೇಲಿ ನೆನೀಬೇಡ ಅಂತೀಯ. ನೆಂದು ಬಂದ್ರೆ ಟವೆಲ್ ಕೊಡಲ್ವಾ?" ಅಂದಳು ಪುಟ್ಟಿ.

ಅಮ್ಮ ಚೀಲ ಎತ್ತಿಕೊಂಡು ಎದ್ದಳು. ಒಪ್ಪಿದಳು ಅಂತ ಅಲ್ಲ.

ಪುಟ್ಟಿ ಹಾಸ್ಟೆಲಿಗೆ ಹೋದಳು. ನಿಧಾನಪ್ಪ ಮಾಲೀಕರ ಹತ್ತಿರ ಹೋಗಿ, ಕೆಲಸದ ಹೊತ್ತಲ್ಲಿ ಫೋನನ್ನು ಡ್ರಾಯರಿನಲ್ಲಿಡುವ ನಿಯಮದಿಂದ ತನಗೊಬ್ಬನಿಗೆ ಬಿಡುಗಡೆ ಕೇಳಿದ. "ಯಾಕಯ್ಯಾ, ಷೇರು ವ್ಯಾಪಾರ ಶುರು ಮಾಡಿದ್ಯಾ?" ಅಂದರು ಮಾಲೀಕರು. ಕಾರಣ ಕೇಳಿದ ಮೇಲೆ ಕೈಯಾಡಿಸಿ ಒಪ್ಪಿದರು. ಅವರ ಮಗನೂ ಕಾಲೇಜಿನಲ್ಲಿದ್ದ.

ದಿನಾ ಕೆಲಸಕ್ಕೆ ಹೊರಡುವ ಮುಂಚೆ ಅವನು ಮಗಳಿಗೆ ಫೋನ್ ಮಾಡುತ್ತಿದ್ದ. ಕುಡಿದೆಯಾ ಎಂದು ಒಮ್ಮೆಯೂ ಕೇಳಲಿಲ್ಲ. ಇವತ್ತು ಊಟಕ್ಕೆ ಯಾರ ಜೊತೆ ಕೂತಿದ್ದೆ, ಪಕ್ಕದ ಮಂಚದ ಹುಡುಗಿ ಎಲ್ಲಿಯವಳು, ಪಾಠ ತಲೆಗೆ ಹತ್ತುತ್ತಿದೆಯಾ ಎಂದು ಕೇಳುತ್ತಿದ್ದ. "ಅಪ್ಪ, ನೀನು ಪತ್ರಿಕೆಗೆ ಸೇರಿದ್ದೀಯೇನು?" ಎಂದು ಅವಳು ರೇಗುತ್ತಿದ್ದಳು. ಆದರೂ ಹೇಳುತ್ತಿದ್ದಳು. ಹೀಗೆ ಅವನಿಗೆ ದಪ್ಪ ಕನ್ನಡಕದ ರೂಮಿನವಳ ಪರಿಚಯವಾಯಿತು, ಮೊದಲ ವಾರ ಪುಟ್ಟಿ ಒಬ್ಬಳೇ ಊಟ ಮಾಡಿದ್ದು ತಿಳಿಯಿತು, ಸೀನಿಯರುಗಳು ಹೊಸಬರಿಗೆ ಒಂದು ಪಾರ್ಟಿ ಇಟ್ಟಿರುವುದೂ ತಿಳಿಯಿತು.

"ಹೋಗಲೇಬೇಕಾ?"

"ಎಲ್ಲರೂ ಹೋಗ್ತಿದ್ದಾರಪ್ಪ. ಹೋಗದಿದ್ರೆ ಮತ್ತೆ ಒಬ್ಬಳೇ ಊಟ."

ಅವನಿಗೆ ಬೇಡ ಅನ್ನುವುದು ಸುಲಭವಿತ್ತು. "ಊಟ ಮಾಡ್ಕೊಂಡು ಹೋಗು. ಕೈಯಲ್ಲಿ ಸೋಡಾ ಲೋಟ ಇಟ್ಕೊ, ಖಾಲಿ ಕೈಗೇ ಎಲ್ಲರೂ ತುಂಬಿಸೋದು. ಒತ್ತಾಯ ಮಾಡಿದ್ರೆ ನನ್ನ ಮೇಲೆ ಹಾಕು. ನಮ್ಮಪ್ಪ ಬಾರಿನವನು, ಫೋನಲ್ಲೇ ವಾಸನೆ ಹಿಡೀತಾನೆ ಅನ್ನು."

ಪುಟ್ಟಿ ನಕ್ಕಳು. "ಅದನ್ನ ಆಗಲೇ ಎಲ್ಲರಿಗೂ ಹೇಳಿದ್ದೀನಿ. ಬಾರಿನವನು ಅಂತ."

ಪಾರ್ಟಿಯ ಸಂಜೆ ಅವನು ಅಂಗಿಯ ಜೇಬಿನ ಫೋನನ್ನು ಎಷ್ಟು ಸಲ ಮುಟ್ಟಿ ನೋಡಿದನೋ. ಗಿರಾಕಿಗಳು, "ಏನಯ್ಯಾ, ಇವತ್ತು ಮೊದಲನೇ ಸುತ್ತೇ ಬರ್ತಿಲ್ಲ" ಎಂದು ಕೂಗಿದರು. ಫೋನು ಅಲುಗಲಿಲ್ಲ.

ಮನೆಯಲ್ಲಿ ಅಮ್ಮನ ಫೋನು ಬಡಿದುಕೊಂಡಿತು. ದೀಪ ಹಾಕುವ ಹೊತ್ತು. ಅಮ್ಮ ಆಸ್ಪತ್ರೆಯ ಹಸಿರು ಪರದೆಯ ಅಂಚು ಮಡಚುತ್ತಿದ್ದಳು.

"ಅಮ್ಮ." ಪುಟ್ಟಿಯ ಮಾತು ಸ್ವಲ್ಪ ಎಳೆಯುತ್ತಿತ್ತು. ಹಿಂದೆ ಜೋರು ಸಂಗೀತ. "ಅಮ್ಮ, ಬೈಯಬೇಡ."

ಅಮ್ಮನ ಬಾಯಿಗೆ ಬಂದದ್ದು ಒಂದಲ್ಲ ಎರಡಲ್ಲ, ವರ್ಷಗಳಿಂದ ಕೂಡಿಟ್ಟ ಅಷ್ಟೂ ಮಾತುಗಳು. ಅವಳು ತುಟಿಯ ನಡುವೆ ಹಿಡಿದಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದಳು.

"ಎಲ್ಲಿದ್ದೀಯ ಕಂದಾ?"

"ಕಾಲೇಜಿನ ಹಿಂದಿನ ಬೀದೀಲಿ, ಸೀನಿಯರುಗಳ ಮನೆ. ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೀನಿ. ಒಂದು ಲೋಟ ಕುಡಿದೆ ಅಮ್ಮ. ಆಮೇಲೆ ಇನ್ನರ್ಧ. ಯಾರು ಸುರಿದ್ರೋ ಗೊತ್ತಿಲ್ಲ. ತಲೆ ತಿರುಗ್ತಿದೆ. ಕನ್ನಡಕದವಳು ಒಳಗೇ ಇದ್ದಾಳೆ, ಪಂದ್ಯಕ್ಕೆ ಕೂರಿಸಿದ್ದಾರೆ. ಅವಳಿಗೆ ನಿಲ್ಲೋಕೂ ಆಗ್ತಿಲ್ಲ. ಬಾ ಅಂದ್ರೆ ಬರ್ತಿಲ್ಲ."

ಪ್ಲಾಸ್ಟಿಕ್ ಲೋಟ. ಹಾಗಾದರೆ ಅದು ಒಂದೂವರೆ ಅಲ್ಲ ಎಂದು ಅಮ್ಮನಿಗೆ ತಿಳಿಯಿತು. "ನೀನು ಇನ್ನೊಂದು ಹನಿ ಮುಟ್ಟಬೇಡ. ವಾರ್ಡನ್‌ಗೆ ನಾನು ಫೋನ್ ಮಾಡ್ತೀನಿ."

"ವಾರ್ಡನ್ ಬೇಡ ಅಮ್ಮ! ಎಲ್ಲರೂ ನನ್ನನ್ನ..."

"ನನ್ನನ್ನ ಬೈದ್ಕೊಳ್ಳಲಿ. ನಿಮ್ಮಮ್ಮ ಕೆಟ್ಟವಳು ಅನ್ನು. ಒಳಗೆ ಹೋಗಿ ಅವಳ ಪಕ್ಕ ಕೂತ್ಕೊ, ಅವರು ಬರೋ ತನಕ ಬಿಟ್ಟು ಏಳಬೇಡ. ಮಲಗಿಬಿಟ್ರೆ ಪಕ್ಕಕ್ಕೆ ಹೊರಳಿಸು. ಎಬ್ಬಿಸಿದ್ರೂ ಏಳದಿದ್ರೆ ಯಾರ ಮಾತೂ ಕೇಳದೆ ಆಂಬುಲೆನ್ಸ್ ಕರಿ."

ವಾರ್ಡನ್ ಕಾರು ತೆಗೆದುಕೊಂಡು ಹೋಗಿ ಇಬ್ಬರನ್ನೂ ಕರೆತಂದರು. ಕನ್ನಡಕದವಳನ್ನು ಕಾಲೇಜಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು, ಪುಟ್ಟಿಗೆ ಮಲಗಲು ಹೇಳಿದರು. ಆ ಸುದ್ದಿ ಬಂದ ಮೇಲೆ ಅಮ್ಮ ಮತ್ತೆ ಯಂತ್ರಕ್ಕೆ ಕೂತಳು. ಹೊಲಿಗೆ ಹಾವಿನ ಹಾಗೆ ಹೋಗಿತ್ತು. ಪೂರ್ತಿ ಬಿಚ್ಚಬೇಕಾಯಿತು.

ಗಂಡನಿಗೆ ಅವಳು ಹೇಳಿದ್ದು ಬೆಳಿಗ್ಗೆ, ಟೀ ಕೊಡುವಾಗ.

"ನನಗ್ಯಾಕೆ ಆಗಲೇ ಹೇಳಲಿಲ್ಲ?"

"ಹೇಳಿದ್ರೆ ಏನು ಮಾಡ್ತಿದ್ರಿ? ತಟ್ಟೆ ಬಿಸಾಕಿ ಬಸ್ ಹತ್ತುತ್ತಿದ್ರಿ. ಅಲ್ಲಿ ಹೋಗಿ ಕಿರುಚಾಡ್ತಿದ್ರಿ."

ಅವನು ಟೀ ಮುಟ್ಟಲಿಲ್ಲ. ಜೇಬಿನಿಂದ ಫೋನ್ ತೆಗೆದು ನೋಡಿದ, ಈಗಲಾದರೂ ಏನಾದರೂ ಕಾಣಿಸುತ್ತದೇನೋ ಎನ್ನುವ ಹಾಗೆ. "ನಾನು ಮಾಲೀಕರ ಕಾಲು ಹಿಡಿದು ಇಟ್ಕೊಂಡಿದ್ದೆ ಇದನ್ನ. ಅವಳು ನಿನಗೆ ಮಾಡಿದಳು."

"ಹೊಟ್ಟೆಕಿಚ್ಚಾ?"

"ಇಲ್ಲ." ಒಂದು ಗುಟುಕು ಟೀ ಕುಡಿದ. "ಸ್ವಲ್ಪ." ಆಮೇಲೆ, "ಬೈದೆಯಾ?"

"ನಾಲಿಗೆ ತುದಿಗೆ ಬಂದಿತ್ತು. ಕಚ್ಚಿ ಹಿಡಿದೆ. ಇನ್ನೂ ನೋಯ್ತಾ ಇದೆ."

ರಜೆಯ ದಿನ ಪುಟ್ಟಿ ಬಂದಳು. ಚೀಲ ಕೆಳಗಿಟ್ಟು ಅಲ್ಲೇ ನಿಂತಳು. ಅವನು ಬಸ್ ಹೇಗಿತ್ತು ಎಂದು ಕೇಳಿದ. ಕನ್ನಡಕದವಳು ಹೇಗಿದ್ದಾಳೆ ಎಂದು ಕೇಳಿದ. ಚೆನ್ನಾಗಿದ್ದಾಳೆ, ಸೀನಿಯರುಗಳು ತಮ್ಮಿಬ್ಬರ ಹತ್ತಿರ ಮಾತು ಬಿಟ್ಟಿದ್ದಾರೆ, ತಾವಿಬ್ಬರೂ ಒಟ್ಟಿಗೆ ಊಟ ಮಾಡುತ್ತೇವೆ ಎಂದಳು.

"ನಿನ್ನ ನಂಬರೇ ಒತ್ತಬೇಕು ಅಂತಿದ್ದೆ ಅಪ್ಪ. ಭಯ ಆದಾಗ ಬೆರಳು ಅಮ್ಮನ ಹೆಸರಿಗೇ ಹೋಯ್ತು."

"ಯಾರಿಗಾದ್ರೇನು, ಮನೆಗೇ ತಾನೆ ಬಂದದ್ದು."

"ಸಿಟ್ಟಿದೆಯಾ?"

"ಇದೆ."

"ಬೈಯಲ್ಲ ಅಂದಿದ್ದೆ."

"ಫೋನ್ ಮಾಡಿದ ಹೊತ್ತಲ್ಲಿ ಬೈಯಲ್ಲ ಅಂದಿದ್ದೆ. ಮಾಡಿದ್ದು ಒಳ್ಳೇ ಕೆಲಸ, ಅದಕ್ಕೆ ಬೈಗುಳ ಯಾವತ್ತೂ ಇಲ್ಲ. ಕುಡಿದದ್ದರ ಮಾತು ಬೇರೆ. ಅದು ಬಾಕಿ ಇದೆ. ಕೂತ್ಕೊ."

ಪುಟ್ಟಿ ಅಮ್ಮನ ಕಡೆ ನೋಡಿದಳು. ಅಮ್ಮ ಯಂತ್ರದ ಸ್ವಿಚ್ ಆರಿಸಿ, ಕುರ್ಚಿ ಎಳೆದುಕೊಂಡು ಗಂಡನ ಪಕ್ಕಕ್ಕೆ ಬಂದು ಕೂತಳು. ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಪುಟ್ಟಿ ಪರದೆಯ ಸುರುಳಿಗಳನ್ನು ಸರಿಸಿ ಜಾಗ ಮಾಡಿಕೊಂಡು ಕೂತಳು.

"ಮೊದಲು ನೀನು ಹೇಳು," ಅಂದ ಅಪ್ಪ. "ಆ ಲೋಟ ಕೈಗೆ ಬಂದಾಗ ಏನನ್ನಿಸ್ತು?"

ಪುಟ್ಟಿ ಇಬ್ಬರ ಮುಖವನ್ನೂ ನೋಡಿದಳು. ಆಮೇಲೆ ಹೇಳಲು ಶುರು ಮಾಡಿದಳು.